ಮೊದಲು ಹುಳಿ ಯಾವುದು ಅಂತ ಕೇಳಿ

ಪ್ರಶ್ನೆ: ನಾನು ಮೈಸೂರಿನವನು. ಕೆಲಸಕ್ಕೆಂದು ಪುಣೆಗೆ ಬಂದು ಎರಡು ವರ್ಷವಾಯಿತು. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಮಸಾಲೆ ಡಬ್ಬಿಯಲ್ಲಿ ಎಲ್ಲವೂ ಇದೆ, ಆದರೆ ಏನು ಮಾಡಿದರೂ ಒಂದೇ ರುಚಿ. ಈರುಳ್ಳಿ, ಟೊಮೆಟೊ, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಖಾರದಪುಡಿ, ಗರಂ ಮಸಾಲೆ. ಬದನೆಕಾಯಿಗೂ ಅದೇ, ಬೇಳೆಗೂ ಅದೇ. ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಅಮ್ಮನನ್ನು ಕೇಳಿದರೆ 'ಎಲ್ಲ ಅಂದಾಜು ಕಣೋ' ಅನ್ನುತ್ತಾರೆ. ದಿನದ ಅಡುಗೆಗೆ ಕಣ್ಣುಮುಚ್ಚಿ ನಂಬಬಹುದಾದ ಕೆಲವು ಜೋಡಿಗಳನ್ನು ಹೇಳುತ್ತೀರಾ?

ಉತ್ತರ: ನಿಮ್ಮ ಅಮ್ಮ ತಪ್ಪಿಸಿಕೊಳ್ಳುತ್ತಿಲ್ಲ. ಅವರ ಅಂದಾಜಿನೊಳಗೆ ಒಂದು ಲೆಕ್ಕ ಇದೆ. ಕೈಗೆ ರೂಢಿಯಾಗಿರುವುದು ಬಾಯಲ್ಲಿ ಹೇಳಲು ಬರುವುದಿಲ್ಲ, ಅಷ್ಟೇ. ಮುಂದಿನ ಸಲ ಫೋನ್ ಮಾಡಿದಾಗ ಪ್ರಶ್ನೆ ಬದಲಿಸಿ ನೋಡಿ. 'ಯಾವ ಮಸಾಲೆ ಹಾಕಲಿ' ಅನ್ನಬೇಡಿ. 'ಇದಕ್ಕೆ ಹುಳಿ ಯಾವುದು' ಅನ್ನಿ. ತಟ್ಟನೆ ಉತ್ತರ ಬರುತ್ತದೆ. ಹುಣಸೆ, ನಿಂಬೆ, ಮಜ್ಜಿಗೆ, ಟೊಮೆಟೊ, ಇಲ್ಲವೇ 'ಅದಕ್ಕೆ ಹುಳಿ ಬೇಡ'. ಅದೊಂದು ಗೊತ್ತಾದರೆ ಸಾಕು. ಮೆಣಸಿನಕಾಯಿ ಹಸಿಯದೋ ಒಣಗಿದ್ದೋ, ಬೆಲ್ಲ ಬೇಕೋ ಬೇಡವೋ, ಇಂಗೋ ಬೆಳ್ಳುಳ್ಳಿಯೋ, ಎಲ್ಲ ಅದರ ಹಿಂದೆಯೇ ಬರುತ್ತದೆ.

ಮೂವತ್ತು ವರ್ಷದಿಂದ ಅಡುಗೆ ಕಲಿಸುತ್ತಿದ್ದೇನೆ. ಬಂದವರೆಲ್ಲ ಮಸಾಲೆಯ ಪಟ್ಟಿ ಕೇಳುತ್ತಾರೆ. ನಾನು ಹುಳಿಯಿಂದ ಶುರು ಮಾಡುತ್ತೇನೆ. ನಮ್ಮ ಅಡುಗೆಗಳ ಹೆಸರನ್ನೇ ನೋಡಿ. ಬೇಳೆ, ತರಕಾರಿ ಹಾಕಿ ಮಾಡಿದ್ದಕ್ಕೆ ಹುಳಿ ಅಂತಲೇ ಹೆಸರು. ಮಜ್ಜಿಗೆಯಲ್ಲಿ ಮಾಡಿದರೆ ಮಜ್ಜಿಗೆಹುಳಿ. ಒಲೆ ಮೇಲಿಡದೆ ತಣ್ಣಗೆ ಕಲಸಿದರೆ ತಂಬುಳಿ. ಪುಳಿಯೋಗರೆಯಲ್ಲಿ ಪುಳಿ ಅಂದರೆ ಹುಳಿ, ಓಗರ ಅಂದರೆ ಅನ್ನ. ಖಾರದ ಹೆಸರಲ್ಲಿ ಇಷ್ಟು ಅಡುಗೆ ಇಲ್ಲ, ಅಲ್ವಾ?

ಹುಣಸೆಯಿಂದಲೇ ಹೊರಡೋಣ. ಹುಣಸೆ, ಬೆಲ್ಲ, ಒಣಮೆಣಸಿನಕಾಯಿ. ಒಂದೇ ಜೋಡಿ ಇಟ್ಟುಕೊಂಡು ಮಿಕ್ಕಿದ್ದೆಲ್ಲ ಬಿಡಿ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನು. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು. ಕುದಿಸಿದರೆ ಅದು ಹಾರಿಹೋಗುವುದಿಲ್ಲ. ಹಾಗಾಗಿ ಧೈರ್ಯವಾಗಿ ಕುದಿಸಿ. ಹಸಿವಾಸನೆ ಹೋಗಲು 8-10 ನಿಮಿಷವಾದರೂ ಬೇಕು. ಬೆಲ್ಲ ಆಮೇಲೆ. ನಾಲ್ಕು ಜನರ ಸಾರಿಗೆ ಗೋಲಿ ಗಾತ್ರದ ಹುಣಸೆ, ಅದರ ಅರ್ಧದಷ್ಟು ಬೆಲ್ಲ. ಗೊಜ್ಜಿಗಾದರೆ ನಿಂಬೆಹಣ್ಣಿನ ಗಾತ್ರದ ಹುಣಸೆ, ಅಷ್ಟೇ ಬೆಲ್ಲ. ಸಾರು ಬಾಯಿಗೆ ಸಿಹಿ ಅನ್ನಿಸಿತೋ, ಬೆಲ್ಲ ಜಾಸ್ತಿಯಾಯಿತು ಅಂತ ಅರ್ಥ. ಹುಳಿಯ ಮೊನೆ ಸ್ವಲ್ಪ ಮೊಂಡಾಗಬೇಕು. ಬೆಲ್ಲದ ಕೆಲಸ ಅಲ್ಲಿಗೆ ಮುಗಿಯಿತು.

ಈ ಮೂರರ ಜೊತೆ ನಾಲ್ಕನೆಯದಾಗಿ ಮೆಂತ್ಯ ಸೇರಿದರೆ ಗೊಜ್ಜು ಗೊಜ್ಜಾಗುತ್ತದೆ. ಹುರಿದು ಪುಡಿ ಮಾಡಿದ ಮೆಂತ್ಯವನ್ನು ಮೂಸಿ ನೋಡಿ. ಎಲ್ಲೋ ಬೆಲ್ಲದ ವಾಸನೆ ಬರುತ್ತದೆ. ಭ್ರಮೆ ಅಂದುಕೊಳ್ಳಬೇಡಿ. ಮೆಂತ್ಯದ ಘಮಕ್ಕೆ ಮುಖ್ಯ ಕಾರಣ ಸೊಟೊಲೋನ್ ಅನ್ನುವ ಒಂದು ವಸ್ತು. ಕಬ್ಬಿನ ಕಚ್ಚಾ ಸಕ್ಕರೆಯಲ್ಲೂ ಅದೇ ಇದೆ. ಅದಕ್ಕೆ ಆ ಹೆಸರು ಬಂದಿದ್ದೇ ಕಚ್ಚಾ ಸಕ್ಕರೆಗೆ ಜಪಾನಿ ಭಾಷೆಯಲ್ಲಿರುವ ಪದದಿಂದ. ಮೆಂತ್ಯ ಮತ್ತು ಬೆಲ್ಲ ಒಂದೇ ಊರಿನವು ಅನ್ನಿ. ನಮ್ಮ ಅಜ್ಜಿಯರಿಗೆ ಈ ಹೆಸರು ಗೊತ್ತಿರಲಿಲ್ಲ, ಆದರೆ ಮೂಗು ಗೊತ್ತಿತ್ತು. ಹಾಗಲಕಾಯಿ ಗೊಜ್ಜು, ಮೆಂತ್ಯದ ಗೊಜ್ಜು, ಪುಳಿಯೋಗರೆ ಗೊಜ್ಜು, ಮೂರರಲ್ಲೂ ಈ ಜೋಡಿ ಕೂತಿದೆ. ಅಳತೆ ಮಾತ್ರ ಬಿಗಿಯಾಗಿರಲಿ. ಒಂದು ಲೋಟ ಧನಿಯಾಕ್ಕೆ ಒಂದು ಚಹಾ ಚಮಚ ಮೆಂತ್ಯ. ಸಣ್ಣ ಉರಿಯಲ್ಲಿ ಕೆಂಬಣ್ಣಕ್ಕೆ ಬಂದ ತಕ್ಷಣ ಇಳಿಸಿ. ಕಂದು ಬಣ್ಣಕ್ಕೆ ಹೋದರೆ ಕಹಿ. ಆ ಕಹಿಯನ್ನು ಯಾವ ಬೆಲ್ಲವೂ ಸರಿಮಾಡುವುದಿಲ್ಲ.

ಯಾವ ತರಕಾರಿಗೆ ಹುಣಸೆ? ಜೋರಾದ ಗುಣ ಇರುವವಕ್ಕೆ. ಕಹಿ ಇರುವ ಹಾಗಲ, ಒಗರಿನ ಬದನೆ, ಲೋಳೆಯ ಬೆಂಡೆ, ಗಂಟಲು ಕೆರೆಯುವ ಕೆಸುವು, ಸುವರ್ಣಗಡ್ಡೆ. ಹುಳಿ ಬಿದ್ದರೆ ಬೆಂಡೆಯ ಲೋಳೆ ಕಡಿಮೆಯಾಗುತ್ತದೆ. ಹಾಗಲದ ಕಹಿಯನ್ನು ತಗ್ಗಿಸುವುದು ಬೆಲ್ಲ ಒಂದೇ ಅಂದುಕೊಂಡಿರುತ್ತೀರಿ. ಅದಕ್ಕಿಂತ ಉಪ್ಪು ಜಾಣ. ಉಪ್ಪು ನಾಲಿಗೆಯ ಮೇಲೆ ಕಹಿಯನ್ನೇ ಮಂಕು ಮಾಡುತ್ತದೆ. ಹಾಗಾಗಿ ಹಾಗಲಕಾಯಿ ಕಹಿ ಅನ್ನಿಸಿದರೆ ಬೆಲ್ಲದ ಡಬ್ಬಿಗೆ ಕೈ ಹಾಕುವ ಮೊದಲು ಒಂದು ಚಿಟಿಕೆ ಉಪ್ಪು ಹಾಕಿ ರುಚಿ ನೋಡಿ.

ಇನ್ನೊಂದು ಮಾತು. ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆ ಹಾಕಿ. ಹುಳಿಯ ನೀರಿನಲ್ಲಿ ಬೇಳೆಯಾಗಲಿ ಗಡ್ಡೆಯಾಗಲಿ ಬೇಗ ಮೆತ್ತಗಾಗುವುದಿಲ್ಲ. 'ನಮ್ಮ ಕುಕ್ಕರೇ ಸರಿ ಇಲ್ಲ' ಅನ್ನುವ ಎಷ್ಟೋ ಜನರ ತೊಂದರೆ ಇದು.

ಮೆಣಸಿನಕಾಯಿ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಹುಣಸೆ-ಬೆಲ್ಲಕ್ಕೆ ಬ್ಯಾಡಗಿಯೇ ಆಗಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಕೆಂಪು ಎಣ್ಣೆಯಲ್ಲಿ ಬಿಟ್ಟುಕೊಳ್ಳುತ್ತದೆ, ನೀರಿನಲ್ಲಿ ಅಲ್ಲ. ಅದಕ್ಕೇ ಅರ್ಧ ಚಮಚ ಎಣ್ಣೆ ಹಾಕಿ ಹುರಿಯುವುದು. ಖಾರ ಬೇಕಾದವರು ನಾಲ್ಕು ಬ್ಯಾಡಗಿಗೆ ಒಂದು ಗುಂಟೂರು ಸೇರಿಸಿಕೊಳ್ಳಿ. ಪ್ಯಾಕೆಟ್ಟಿನ ಖಾರದಪುಡಿ ಒಂದನ್ನೇ ಎಲ್ಲದಕ್ಕೂ ಹಾಕುತ್ತೀರಿ, ಅಡುಗೆಗಳೆಲ್ಲ ಒಂದೇ ಥರ ಆಗಲು ಅದೂ ಒಂದು ಕಾರಣ.

ನಿಂಬೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಅರ್ಧ ಜೀವ ಪರಿಮಳದಲ್ಲಿದೆ, ಪರಿಮಳ ಬಿಸಿಗೆ ನಿಲ್ಲುವುದಿಲ್ಲ. ಒಲೆ ಆರಿಸಿದ ಮೇಲೆ ಹಿಂಡಿ. ಅದಕ್ಕೆ ಜೊತೆಯಾಗುವವೂ ಹಸಿರಾಗಿರುವವೇ. ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು, ಮೇಲೆ ಇಂಗಿನ ಒಗ್ಗರಣೆ. ಹೆಸರುಬೇಳೆ ಕೋಸಂಬರಿ, ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ಎಲ್ಲಕ್ಕೂ ಇದೇ ತಂಡ. ನಿಂಬೆಗೆ ಬೆಲ್ಲ ಹಾಕಿದರೆ ಪಾನಕ ಆಗುತ್ತದೆ. ಸಾರಿಗೆ ಬೇಡ.

ಮಜ್ಜಿಗೆ, ಮೊಸರಿಗೆ ಬಂದರೆ ನನ್ನ ಕೈ ನಿಲ್ಲುವುದಿಲ್ಲ. ನಮ್ಮ ಮನೆ ಮಲೆನಾಡಿನ ಕಡೆಯದು. ಮಜ್ಜಿಗೆಗೆ ಹೊಂದುವುದು ತೆಂಗಿನಕಾಯಿ, ಹಸಿಮೆಣಸಿನಕಾಯಿ, ಜೀರಿಗೆ. ಬೆಲ್ಲ ಬೇಡ, ಈರುಳ್ಳಿ ಬೇಡ, ಖಾರದಪುಡಿಯಂತೂ ಬೇಡವೇ ಬೇಡ. ತರಕಾರಿಯೂ ಸೌಮ್ಯವಾದದ್ದೇ ಸರಿ. ಬೂದುಗುಂಬಳ, ಸೀಮೆಬದನೆ, ಮಂಗಳೂರು ಸೌತೆ. ನೀರು ತುಂಬಿಕೊಂಡ, ಸ್ವಂತ ರುಚಿ ಕಡಿಮೆ ಇರುವ ತರಕಾರಿಗಳು. ಮಜ್ಜಿಗೆಹುಳಿ ಒಡೆಯಬಾರದು ಅಂದರೆ ಒಂದು ದೊಡ್ಡ ಚಮಚ ಕಡಲೆಬೇಳೆ ನೆನೆಸಿ ಕಾಯಿಯ ಜೊತೆ ರುಬ್ಬಿ. ಅದರ ಪಿಷ್ಟ ಮಜ್ಜಿಗೆಯನ್ನು ಹಿಡಿದಿಡುತ್ತದೆ. ಸಣ್ಣ ಉರಿಯಲ್ಲಿಡಿ. ಅಂಚಿನಲ್ಲಿ ಮೊದಲ ಕುದಿ ಕಾಣಿಸಿದ ಕೂಡಲೇ ಇಳಿಸಿ.

ಇದರಲ್ಲೇ ಜೀರಿಗೆ ತೆಗೆದು ಹಸಿ ಸಾಸಿವೆ ಹಾಕಿದರೆ ಬೇರೆಯೇ ಲೋಕ. ಅದಕ್ಕೆ ಸಾಸಿವೆ ಅಂತಲೇ ಹೆಸರು. ಸೌತೆಕಾಯಿ ಸಾಸಿವೆ, ಅನಾನಸ್ ಸಾಸಿವೆ, ಕಾಡುಮಾವಿನ ಸಾಸಿವೆ. ಇದನ್ನು ಕಲಿಯಲು ನಾನು ಒಮ್ಮೆ ಮಾನ ಕಳೆದುಕೊಂಡಿದ್ದೇನೆ. ಹೊಸದಾಗಿ ಮದುವೆಯಾಗಿದ್ದೆ. ಮನೆಯಲ್ಲಿ ಇಪ್ಪತ್ತೈದು ಜನರ ಊಟ. ಅನಾನಸ್ ಸಾಸಿವೆ ನನ್ನ ಪಾಲಿಗೆ ಬಂತು. ಕಾಯಿ, ಸಾಸಿವೆ, ಮೆಣಸಿನಕಾಯಿ ಎಲ್ಲ ಒಟ್ಟಿಗೆ ಮಿಕ್ಸಿಗೆ ಹಾಕಿ ನುಣ್ಣಗೆ, ಇನ್ನೂ ನುಣ್ಣಗೆ ಅಂತ ಐದಾರು ನಿಮಿಷ ತಿರುಗಿಸಿದೆ. ಜಾರ್ ಮುಟ್ಟಿದರೆ ಬಿಸಿ. ರುಚಿ ನೋಡಿದರೆ ಬೇವಿನಷ್ಟು ಕಹಿ. ಬೆಲ್ಲ ಹಾಕಿದೆ, ಮೊಸರು ಹಾಕಿದೆ, ಇನ್ನಷ್ಟು ಅನಾನಸ್ ಹಾಕಿದೆ. ಕಹಿ ಸಾಸಿವೆ ಎರಡು ಪಾತ್ರೆಯಾಯಿತೇ ಹೊರತು ಸರಿಯಾಗಲಿಲ್ಲ. ಎಲೆಯ ಮೇಲೆ ಎಲ್ಲರೂ ಅದನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಆಮೇಲೆ ಗೊತ್ತಾಯಿತು. ಇಡೀ ಸಾಸಿವೆ ಕಾಳಿಗೆ ಘಾಟೇ ಇಲ್ಲ. ಒಡೆದು ತಣ್ಣೀರು ತಾಗಿದ ಮೇಲೆ ಅದರೊಳಗಿನ ಒಂದು ಕಿಣ್ವ ಕೆಲಸ ಶುರು ಮಾಡುತ್ತದೆ, ಆಗ ಮೂಗಿಗೆ ಏರುವ ಘಾಟು ಹುಟ್ಟುತ್ತದೆ. ಬಿಸಿ ತಾಗಿದರೆ ಕಿಣ್ವ ಸತ್ತುಹೋಗುತ್ತದೆ. ಅದಕ್ಕೇ ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಘಾಟಿಲ್ಲ, ಕಡಲೆಬೀಜದಂಥ ಹುರಿದ ರುಚಿ ಇದೆ. ಒಂದೇ ಕಾಳು, ಎರಡು ರುಚಿ. ಹಾಗಾಗಿ ಕಾಯಿ, ಮೆಣಸಿನಕಾಯಿ ಮೊದಲು ನುಣ್ಣಗೆ ಮಾಡಿಕೊಳ್ಳಿ. ಸಾಸಿವೆಯನ್ನು ಕೊನೆಯಲ್ಲಿ ಹಾಕಿ, ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿ. ಒಂದು ಲೋಟ ಕಾಯಿತುರಿಗೆ ಅರ್ಧ ಚಹಾ ಚಮಚ ಸಾಸಿವೆ ಸಾಕು. ತಣ್ಣೀರೇ ಹಾಕಿ. ಕಲಸಿ ಹತ್ತು ನಿಮಿಷ ಬಿಟ್ಟು ಬಡಿಸಿ. ನಾಳೆಗೆ ಇಡಬೇಡಿ.

ಬೇಸಿಗೆಗೆ ತಂಬುಳಿ ಇದೆ. ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ದೊಡ್ಡಪತ್ರೆ. ಎಲ್ಲ ತುಪ್ಪದಲ್ಲಿ ಬಾಡಿಸಿ, ಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸಿದರೆ ಆಯಿತು. ಪುಣೆಯಲ್ಲಿ ಬಾಡಿಗೆ ಮನೆಯ ಕಿಟಕಿಯಲ್ಲಿ ಒಂದು ಕುಂಡದಲ್ಲಿ ದೊಡ್ಡಪತ್ರೆ ಬೆಳೆಸಿಕೊಳ್ಳಬಹುದು. ಕಡ್ಡಿ ನೆಟ್ಟರೆ ಸಾಕು, ಬರುತ್ತದೆ.

ಪುಣೆ ಅಂದ ಮೇಲೆ ಕೋಕಂ ಬಿಡುವ ಹಾಗಿಲ್ಲ. ಅಲ್ಲಿ ಆಮಸೂಲ್ ಅಂತ ಕೇಳಿ. ನಮ್ಮ ಕರಾವಳಿಯವರು ಪುನರ್ಪುಳಿ ಅನ್ನುತ್ತಾರೆ. ಅಲ್ಲಿನವರ ಆಮ್ಟಿ ತಿಂದಿರುತ್ತೀರಿ. ತೊಗರಿಬೇಳೆ, ಆಮಸೂಲ್, ಬೆಲ್ಲ. ನಮ್ಮ ಸಾರಿಗೆ ದಾಯಾದಿ. ಹುಣಸೆಯಷ್ಟು ಜೋರಿಲ್ಲದ ಹುಳಿ ಇದು. ಹಸಿಮೆಣಸಿನಕಾಯಿ, ತೆಂಗಿನಹಾಲಿನ ಜೊತೆ ಸೊಗಸಾಗಿರುತ್ತದೆ. ನಾಲ್ಕೈದು ಸಿಪ್ಪೆ ಕೊನೆಯಲ್ಲಿ ಹಾಕಿ, ಹುಳಿ ಬಿಟ್ಟ ಮೇಲೆ ತೆಗೆದುಬಿಡಿ. ಕೆಲವರು ಅದನ್ನು ಉಪ್ಪು ಹಾಕಿ ಒಣಗಿಸಿರುತ್ತಾರೆ, ರುಚಿ ನೋಡಿ ಉಪ್ಪು ಹಾಕಿ. ಕೊಡಗಿನವರ ಕಾಚಂಪುಳಿಯೂ ಇದೇ ಬಳಗದ ಹಣ್ಣಿನದು. ಕಪ್ಪಗೆ, ಗಟ್ಟಿಯಾಗಿ, ಸುಟ್ಟ ವಾಸನೆಯೊಂದಿಗೆ ಇರುತ್ತದೆ. ಅದಕ್ಕೆ ಸರಿಸಮ ನಿಲ್ಲುವುದು ಕಾಳುಮೆಣಸು ಮಾತ್ರ. ಹಂದಿ ಕರಿಯ ಗುಟ್ಟು ಅದೇ.

ಈಗ ನಿಮ್ಮ ಟೊಮೆಟೊಗೆ ಬರೋಣ. ಅದರ ಮೇಲೆ ನನಗೆ ಸಿಟ್ಟಿಲ್ಲ. ಟೊಮೆಟೊದಲ್ಲಿ ಗ್ಲುಟಮೇಟ್ ಅನ್ನುವ, ರುಚಿ ತುಂಬುವ ವಸ್ತು ಚೆನ್ನಾಗಿದೆ. ಅದಕ್ಕೇ ಬೇಳೆ ಕಮ್ಮಿ ಇದ್ದರೂ ಟೊಮೆಟೊ ಸಾರು ಬಾಯಿತುಂಬ ಅನ್ನಿಸುತ್ತದೆ. ಆದರೆ ಹುಳಿ, ಸಿಹಿ, ಮೈ ಮೂರನ್ನೂ ಅದೊಂದೇ ಕೊಡುವುದರಿಂದ ಮಿಕ್ಕವರಿಗೆ ಜಾಗ ಬಿಡುವುದಿಲ್ಲ. ಅದರ ಮೇಲೆ ಹುರಿದ ಈರುಳ್ಳಿ, ಅದೂ ಸಿಹಿ. ಮೇಲೆ ಗರಂ ಮಸಾಲೆ. ಈ ಮೂರು ಸೇರಿದರೆ ಒಳಗೆ ಬದನೆ ಇದ್ದರೇನು, ಬೀನ್ಸ್ ಇದ್ದರೇನು? ಟೊಮೆಟೊ ಹಾಕುವ ದಿನ ಈರುಳ್ಳಿ ಬಿಡಿ. ಬೆಳ್ಳುಳ್ಳಿ ನಾಲ್ಕು ಎಸಳು ಜಜ್ಜಿ, ಕಾಳುಮೆಣಸು-ಜೀರಿಗೆ ಕುಟ್ಟಿ ಹಾಕಿ. ತುಪ್ಪದಲ್ಲಿ ಒಗ್ಗರಣೆ ಕೊಡಿ. ಟೊಮೆಟೊ, ಬೆಳ್ಳುಳ್ಳಿ, ಕಾಳುಮೆಣಸು ಒಳ್ಳೆಯ ಜೋಡಿ. ಜ್ವರ ಬಿಟ್ಟ ಬಾಯಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಅಂದಹಾಗೆ, ಮೆಣಸು ಅಂದರೆ ಮೊದಲಿಂದ ಈ ಕಾಳೇ. ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲೆ, 16ನೇ ಶತಮಾನದಲ್ಲಿ ನಮ್ಮ ಕಡೆ ಬಂದಿದ್ದು. ಹೊಸ ಕಾಯಿಗೆ ಹಳೆ ಹೆಸರನ್ನೇ ಅಂಟಿಸಿದರು. ಎಷ್ಟೋ ಮನೆಗಳಲ್ಲಿ ತಿಥಿ ಅಡುಗೆಗೆ ಇವತ್ತಿಗೂ ಮೆಣಸಿನಕಾಯಿ ಹಾಕುವುದಿಲ್ಲ, ಕಾಳುಮೆಣಸೇ ಬೇಕು. ಕಾಳುಮೆಣಸು, ಜೀರಿಗೆ, ತುಪ್ಪ, ಹೆಸರುಬೇಳೆ ಸೇರಿದ ಖಾರದ ಹುಗ್ಗಿ ಹುಳಿಯೇ ಇಲ್ಲದೆ ಪೂರ್ತಿಯಾಗಿರುವ ಅಡುಗೆ.

ಹುಳಿ ಇಲ್ಲದ ಅಡುಗೆಗಳಲ್ಲಿ ಹುಳಿಯ ಜಾಗ ತುಂಬುವುದು ಜಿಡ್ಡು. ತೆಂಕಣದ ಪಲ್ಯಕ್ಕೆ ಹಸಿ ಕಾಯಿತುರಿ, ಕರಿಬೇವು. ಬಡಗಣಕ್ಕೆ ಹೋದರೆ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ. ನೀವು ಮೈಸೂರಿನವರು, ಈ ಎರಡನೆಯ ಜೋಡಿಯನ್ನು ಅಷ್ಟು ಬಳಸಿರಲಾರಿರಿ. ಇವತ್ತೇ ಶುರು ಮಾಡಿ. ಹುರಿದ ಶೇಂಗಾ ಒಂದು ಲೋಟ, ಬೆಳ್ಳುಳ್ಳಿ ಹತ್ತು ಎಸಳು, ಖಾರದಪುಡಿ ಎರಡು ಚಮಚ, ಜೀರಿಗೆ ಒಂದು ಚಮಚ, ಉಪ್ಪು. ಒರಟಾಗಿ ಕುಟ್ಟಿ. ಮಿಕ್ಸಿ ಆದರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಈ ಚಟ್ನಿಪುಡಿ ಡಬ್ಬಿಯಲ್ಲಿದ್ದರೆ ಯಾವ ಸೊಪ್ಪು, ಯಾವ ಕಾಯಿ ತಂದರೂ ಹತ್ತು ನಿಮಿಷದಲ್ಲಿ ಪಲ್ಯ. ಶೇಂಗಾ ಜಾಗದಲ್ಲಿ ಗುರೆಳ್ಳು ಅಥವಾ ಅಗಸೆ ಹಾಕಿದರೆ ಇನ್ನೆರಡು ಪುಡಿ. ಗುರೆಳ್ಳು ನಿಮ್ಮ ಕಡೆ ಹುಚ್ಚೆಳ್ಳು. ಅದರ ರುಚಿ ಸ್ವಲ್ಪ ಕಟು, ಸ್ವಲ್ಪ ಕಹಿ, ಬದನೆಕಾಯಿಗೆ ಹೇಳಿ ಮಾಡಿಸಿದ್ದು.

ಇಂಗು, ಬೆಳ್ಳುಳ್ಳಿ ಎರಡನ್ನೂ ಒಟ್ಟಿಗೆ ಹಾಕಬೇಕಾ ಅಂತ ಎಷ್ಟೋ ಜನ ಕೇಳುತ್ತಾರೆ. ನಾನು ಹಾಕುವುದಿಲ್ಲ. ಎರಡರ ವಾಸನೆಗೂ ಗಂಧಕದ ವಸ್ತುಗಳೇ ಕಾರಣ. ಒಂದಿದ್ದರೆ ಇನ್ನೊಂದರ ಕೆಲಸವಿಲ್ಲ. ಹುಣಸೆ, ನಿಂಬೆ, ಮಜ್ಜಿಗೆಗೆ ಇಂಗು. ಟೊಮೆಟೊ, ಸೊಪ್ಪು, ಶೇಂಗಾಗೆ ಬೆಳ್ಳುಳ್ಳಿ. ಇದು ಶಾಸ್ತ್ರವೇನಲ್ಲ, ನನ್ನ ರೂಢಿ. ಇಂಗನ್ನು ಮಾತ್ರ ಬಿಸಿ ಎಣ್ಣೆಗೇ ಹಾಕಿ. ಸುಮ್ನೆ ಸಾರಿನ ಮೇಲೆ ಉದುರಿಸಿದರೆ ಹಸಿ ಘಾಟು ಉಳಿಯುತ್ತದೆ.

ಗರಂ ಮಸಾಲೆ ಎಸೆಯಬೇಕಾಗಿಲ್ಲ. ಆದರೆ ಚಕ್ಕೆ, ಲವಂಗ ನಮ್ಮ ಅಡುಗೆಯಲ್ಲಿ ಒಂಟಿಯಾಗಿ ಬರುವುದು ಕಡಿಮೆ. ಅವು ಒಣಕೊಬ್ಬರಿಯನ್ನು ಕೇಳುತ್ತವೆ. ಚಕ್ಕೆ, ಮರಾಠಿ ಮೊಗ್ಗು, ಕೊಬ್ಬರಿ, ಹುರಿದ ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಸೇರಿದರೆ ವಾಂಗಿಬಾತ್. ನಿಮ್ಮ ಊರಿನದೇ. ಅದಕ್ಕೂ ಕೊನೆಗೆ ಹುಣಸೆ ಬೇಕು.

ಚಳಿಗಾಲಕ್ಕೆ ಒಂದು ಜೋಡಿ ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಸೊನೆ ಅವರೆಕಾಳು ಮತ್ತು ಸಬ್ಬಸಿಗೆ ಸೊಪ್ಪು. ಅಕ್ಕಿರೊಟ್ಟಿಗೋ ಉಪ್ಪಿಟ್ಟಿಗೋ ಹಾಕಿ, ಮಸಾಲೆ ಏನೂ ಬೇಡ. ಊರಿಂದ ಡಿಸೆಂಬರಿನಲ್ಲಿ ಯಾರಾದರೂ ಬರುತ್ತಿದ್ದರೆ ಎರಡು ಕಿಲೋ ಅವರೆಕಾಯಿ ತರಿಸಿಕೊಳ್ಳಿ.

ಖಾರ ಜಾಸ್ತಿಯಾದರೆ ನೀರು ಹಾಕಬೇಡಿ. ಖಾರದ ವಸ್ತು ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ. ಕಾಯಿಹಾಲು, ತುಪ್ಪ, ಮೊಸರು, ಅಡುಗೆಗೆ ಯಾವುದು ಹೊಂದುತ್ತದೋ ಅದನ್ನು ಹಾಕಿ.

ಈ ವಾರ ಒಂದು ಕೆಲಸ ಮಾಡಿ. ಒಂದು ಕಿಲೋ ಬದನೆಕಾಯಿ ತನ್ನಿ, ಒಂದೆರಡು ದಪ್ಪನೆಯವು, ಮಿಕ್ಕಿದ್ದು ಎಳೆಯವು. ಮೊದಲ ದಿನ ದಪ್ಪನೆಯದನ್ನು ಒಲೆಯ ಮೇಲೆ ಸುಟ್ಟು, ಸಿಪ್ಪೆ ತೆಗೆದು ಹಿಸುಕಿ. ಹುಣಸೆರಸ, ಬೆಲ್ಲ, ಹಸಿ ಈರುಳ್ಳಿ, ಇಂಗಿನ ಒಗ್ಗರಣೆ ಹಾಕಿ. ಸುಟ್ಟ ಬದನೆಕಾಯಿ ಗೊಜ್ಜು. ಕುದಿಸದ ಹುಣಸೆ ಅಂತ ಹುಬ್ಬೇರಿಸಬೇಡಿ, ಸುಟ್ಟ ವಾಸನೆ ಅದರ ಹಸಿತನವನ್ನು ಮುಚ್ಚುತ್ತದೆ. ಎರಡನೆಯ ದಿನ ಅದೇ ಸುಟ್ಟ ಬದನೆಗೆ ಮೊಸರು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಮೂರನೆಯ ದಿನ ಎಳೆಯ ಬದನೆಗೆ ಶೇಂಗಾ, ಹುಚ್ಚೆಳ್ಳು, ಬೆಳ್ಳುಳ್ಳಿ, ಖಾರ ತುಂಬಿ ಎಣ್ಣೆಗಾಯಿ. ಅದಕ್ಕೂ ಸ್ವಲ್ಪ ಹುಣಸೆ, ಬೆಲ್ಲ ಬೀಳುತ್ತದೆ. ಹುಳಿ ಇಲ್ಲದ ಪಟ್ಟಿಯಲ್ಲಿ ಶೇಂಗಾವನ್ನು ಇಟ್ಟಿದ್ದೆನಲ್ಲ, ಅಲ್ಲೂ ಹುಳಿ ನುಗ್ಗಿಬಿಟ್ಟಿತು. ಜೊತೆಗೆ ರೊಟ್ಟಿ ಮಾಡಲು ಬಾರದಿದ್ದರೆ ಪುಣೆಯಲ್ಲಿ ಜೋಳದ ಭಾಕರಿ ಕೊಂಡುಕೊಳ್ಳಿ, ಸಿಗುತ್ತದೆ.